ಐವತ್ತು ಲೀಟರ್ ಸಮುದ್ರ

"ಆಜಿ, ಇದನ್ನು ಹಾಕಿದ್ದು ನೀವೇ ತಾನೆ?"

ಭಾನುಮತಿಯ ಅಂಗೈಯಲ್ಲಿ ಕೊಳೆತ ಒಂದು ಚೆಂಡುಹೂವಿನ ಎಸಳಿತ್ತು. ಗಾಜಿನ ತೊಟ್ಟಿಯ ಮೂಲೆಯಲ್ಲಿ, ಕಲ್ಲಿನ ಹಿಂದೆ ಅಂಟಿಕೊಂಡಿತ್ತು ಅದು. ಉದ್ದನೆಯ ಚಿಮಟದಿಂದ ಈಗಷ್ಟೇ ತೆಗೆದಿದ್ದಳು.

ಪಕ್ಕದ ಕ್ವಾರ್ಟರ್ಸಿನ ವಾನಖೇಡೆ ಆಜಿ ಕಣ್ಣು ಕಿರಿದು ಮಾಡಿ ನೋಡಿದರು. "ಹೌದು. ಹೋದ ಸೋಮವಾರ ಒಂದು ಎಸಳು ಬಿಟ್ಟೆ. ಗಂಗಾಜಲಕ್ಕೆ ಯಾರಾದರೂ ಬರೀ ಕೈಯಲ್ಲಿ ನಮಸ್ಕಾರ ಮಾಡ್ತಾರಾ?" ಎಂದು ಮರಾಠಿಯಲ್ಲಿ ಕೇಳಿದರು.

"ಅದು ಗಂಗಾಜಲ ಅಲ್ಲ. ಸಮುದ್ರದ ನೀರು."

"ಕ್ಯಾನಿನ ಮೇಲೆ ಹಾಗೇ ಬರೆದಿದೆಯಲ್ಲ."

ಬರೆದಿದ್ದಂತೂ ನಿಜ. ಬರೆಸಿದವನು ಭಾನುವಿನ ಅಪ್ಪ.

"ನಿಮ್ಮ ಹೂವು ಕೊಳೆತು ನೀರು ಕೆಟ್ಟಿದೆ. ನಮ್ಮ ಹವಳ ಸಾಯ್ತಾ ಇದೆ. ಇನ್ನು ಮೇಲೆ ನೀವು ನಮ್ಮ ಮನೆಗೆ ಬರಬೇಡಿ" ಎಂದಳು ಭಾನು.

ಆಜಿ ತಿರುಗಿ ಹೊರಟರು. ಬಾಗಿಲಲ್ಲಿ ಚಪ್ಪಲಿ ಮೆಟ್ಟಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದಿನಲ್ಲಿ ಅವಳಿಗೆ ಏನೂ ಕೇಳಿಸಿರಲಿಲ್ಲ.

ಭಾನುವಿನ ಅಪ್ಪ ಕಾಶೀನಾಥ ರೈಲ್ವೆ ಗಾರ್ಡು. ಊರು ಗದಗ. ನೌಕರಿ ನಾಗಪುರದಲ್ಲಿ, ಮನೆ ಅಜನಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಲ್ಲಿಂದ ಬಾಂಬೆಯ ಸಮುದ್ರಕ್ಕೆ ಎಂಟುನೂರು ಕಿಲೋಮೀಟರ್. ಆದರೂ ಅವರ ಮನೆಯ ಮುಂದಿನ ಕೋಣೆಯಲ್ಲಿ, ಹೊಲಿಗೆ ಮಷೀನಿನ ಪಕ್ಕ, ಐವತ್ತು ಲೀಟರ್ ಸಮುದ್ರವಿತ್ತು.

ಇದಕ್ಕೆ ಕಾರಣ ವ್ಯಾಸರಾಜ ಮಾಮಾ. ಅವ್ವನ ತಮ್ಮನಾದ ಅವನು ಬಾಂಬೆಯ ಒಂದು ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿದ್ದ. ಮನೆಯಲ್ಲೂ ಒಂದು ತೊಟ್ಟಿ ಇಟ್ಟುಕೊಂಡು ಮೆತ್ತನೆಯ ಹವಳ ಸಾಕುತ್ತಿದ್ದ. ಹೋದ ಚಳಿಗಾಲದಲ್ಲಿ ನಾಗಪುರಕ್ಕೆ ಬಂದಾಗ, ಅದರಲ್ಲಿ ಒಂದು ಮುಷ್ಟಿ ಗಾತ್ರದ ಕಲ್ಲನ್ನು ಬಕೆಟಿನಲ್ಲಿಟ್ಟು ತಂದುಕೊಟ್ಟಿದ್ದ.

ಹವಳ ಅಂದಕೂಡಲೇ ಎಲ್ಲರೂ ಉಂಗುರದ ಕೆಂಪು ಮಣಿ ಅಂದುಕೊಳ್ಳುತ್ತಿದ್ದರು. ನೋಡಲು ಬಂದು ಪೆಚ್ಚಾಗುತ್ತಿದ್ದರು. ಇದು ಹಸಿರು. ಕಲ್ಲಿನ ತುಂಬ ಅಂಗಿಯ ಗುಂಡಿಯಷ್ಟು ಅಗಲದ ನಲವತ್ತು ಪುಟ್ಟ ಜೀವಿಗಳು. ಟ್ಯೂಬ್‌ಲೈಟ್ ಹಾಕಿದರೆ ಒಂದೊಂದೂ ಅಂಚಿನ ಕುಚ್ಚು ಬಿಚ್ಚಿ ಅರಳುತ್ತಿತ್ತು. ನೀರು ಅಲುಗಿದರೆ ಮುಚ್ಚಿಕೊಳ್ಳುತ್ತಿತ್ತು. ಅಷ್ಟೇ ಅದರ ಕೆಲಸ. "ಈಜೋದಿಲ್ಲವಾ?" ಎಂದು ಕೇಳಿ, ಇಲ್ಲ ಅಂದಮೇಲೆ ಚಹಾ ಕುಡಿದು ಹೋದವರೇ ಹೆಚ್ಚು.

ಸಮುದ್ರದ ನೀರು ಬಾಂಬೆಯಿಂದ ಬರಬೇಕಿತ್ತು. ಮಾಮಾ ಇಪ್ಪತ್ತು ಲೀಟರಿನ ಕ್ಯಾನು ತುಂಬಿಸಿ ರೈಲಿಗೆ ಹಾಕುತ್ತಿದ್ದ. ಒಬ್ಬನೇ ಗಾರ್ಡು ಬಾಂಬೆಯಿಂದ ನಾಗಪುರದವರೆಗೆ ಬರುವುದಿಲ್ಲ. ದಾರಿಯಲ್ಲಿ ಇಳಿದು ಇನ್ನೊಬ್ಬನಿಗೆ ಗಾಡಿ ಒಪ್ಪಿಸುತ್ತಾನೆ. ಹಾಗೆ ಕ್ಯಾನೂ ಒಬ್ಬರಿಂದ ಒಬ್ಬರಿಗೆ ದಾಟಿ ಬರುತ್ತಿತ್ತು.

ಮೊದಲನೇ ಕ್ಯಾನಿನ ಮೇಲೆ ಏನೂ ಬರೆದಿರಲಿಲ್ಲ. ದಾರಿಯಲ್ಲಿ ಯಾರೋ ಕೊಳಕು ನೀರು ಎಂದು ಚೆಲ್ಲಿಬಿಟ್ಟರು. ಎರಡನೆಯದರ ಮೇಲೆ ಅಪ್ಪ 'ತೇಜಾಬ್' ಎಂದು ಬರೆಸಿದ. ಆ್ಯಸಿಡ್ ಎಂದು ಹೆದರಿ ಯಾರೂ ಮುಟ್ಟಲೇ ಇಲ್ಲ, ಅದು ದಾರಿಯಲ್ಲೇ ಉಳಿಯಿತು. ಮೂರನೆಯದರ ಮೇಲೆ 'ಗಂಗಾಜಲ' ಎಂದು ಬರೆಸಿದ. ಅದು ಒಂದು ಹನಿ ತುಳುಕದೆ ಬಂತು. ಗಂಗೆ ಬಾಂಬೆ ಕಡೆಯಿಂದ ಹೇಗೆ ಬರುತ್ತಾಳೆ ಎಂದು ದಾರಿಯುದ್ದಕ್ಕೂ ಯಾರೂ ಕೇಳಲಿಲ್ಲ.

ಏಪ್ರಿಲ್ ಮೊದಲ ವಾರ ಅಪ್ಪ ರಿಫ್ರೆಶರ್ ಕೋರ್ಸ್ ಎಂದು ಭುಸಾವಳಕ್ಕೆ ಹೋದ. ಹೋಗುವ ಮುಂಚೆ ಎರಡು ಕೆಲಸ ಮಾಡಿದ್ದ. ಬಿಸಿಲು ಏರುತ್ತಿದ್ದರಿಂದ ಮನೆಯ ಒಂದೇ ಟೇಬಲ್ ಫ್ಯಾನನ್ನು ತೊಟ್ಟಿಯ ನೀರಿಗೆ ಗಾಳಿ ಬೀಸುವ ಹಾಗೆ ಇಟ್ಟ. ನೀರು ಮಣ್ಣಿನ ಮಡಕೆಯ ನೀರಿನ ಹಾಗೆ ತಂಪಾಗಿ ಉಳಿಯಿತು. ಮನೆಯವರು ಬೆವರುತ್ತ ಉಳಿದರು. ಎರಡನೆಯದಾಗಿ, ಹವಳದ ಜವಾಬ್ದಾರಿಯನ್ನು ಭಾನುವಿಗೆ ಒಪ್ಪಿಸಿದ.

"ನೀನು ಇದರ ಸ್ಟೇಷನ್ ಮಾಸ್ಟರ್" ಎಂದಿದ್ದ.

ಐದನೇ ಕ್ಲಾಸಿನ ಭಾನು ಆ ಮಾತನ್ನು ಗಂಭೀರವಾಗಿಯೇ ತೆಗೆದುಕೊಂಡಳು. ಮಾಮಾ ಬರೆದುಕೊಟ್ಟಿದ್ದ ಹಾಳೆಯನ್ನು ಅವ್ವನಿಂದ ಓದಿಸಿದಳು. ಅವಳು ಕಲಿಯುತ್ತಿದ್ದದ್ದು ಮರಾಠಿ ಶಾಲೆಯಲ್ಲಿ. ಕನ್ನಡದ ಕೂಡಿಸಿ ಬರೆದ ಅಕ್ಷರ ಓದಲು ಅವಳಿಗೆ ತಡವಾಗುತ್ತಿತ್ತು. ಹವಳದ ಮೈಯಲ್ಲಿ ವಿಷವಿದೆ, ಕೈ ಹಾಕಬಾರದು. ತೊಟ್ಟಿಯ ನೀರನ್ನು ಬಾಯಿಗೆ ತಾಗಿಸಬಾರದು. ಭಾನುವಾರಕ್ಕೊಮ್ಮೆ ಎರಡು ಚೊಂಬು ಹಳೇ ನೀರು ತೆಗೆದು ಎರಡು ಚೊಂಬು ಹೊಸ ಸಮುದ್ರದ ನೀರು ಹಾಕಬೇಕು. ಏನು ಬದಲಿಸಿದರೂ ನಿಧಾನವಾಗಿ ಬದಲಿಸಬೇಕು.

ಆದರೆ ಫ್ಯಾನಿನ ಗಾಳಿಗೆ ತೊಟ್ಟಿಯ ನೀರು ದಿನಕ್ಕೆ ಒಂದು ಬೆರಳು ಇಳಿಯತೊಡಗಿತು. ಅದಕ್ಕೆ ಏನು ಮಾಡಬೇಕೆಂದು ಹಾಳೆಯಲ್ಲಿ ಇರಲಿಲ್ಲ. ಬಾಂಬೆಯ ತೇವದ ಗಾಳಿಯಲ್ಲಿ ಕೂತು ಬರೆದವನಿಗೆ ಅದು ಹೊಳೆದಿರಲಿಕ್ಕಿಲ್ಲ. ಭಾನುವಿಗೆ ಉತ್ತರ ತಾನೇ ಹೊಳೆಯಿತು. ಸಮುದ್ರದ ಜೀವಿ, ಆದ್ದರಿಂದ ಸಮುದ್ರದ ನೀರು. ದಿನಾ ಶಾಲೆಯಿಂದ ಬಂದ ತಕ್ಷಣ, ಬೂಟು ಬಿಚ್ಚುವ ಮೊದಲು, ಎರಡು ಚೊಂಬು ಸಮುದ್ರ ತುಂಬಿಸುತ್ತಿದ್ದಳು.

ಐದನೇ ದಿನ ಹವಳ ಅರ್ಧ ಮಾತ್ರ ಅರಳಿತು. ಎಂಟನೇ ದಿನ ಅರಳಲೇ ಇಲ್ಲ. ಹತ್ತನೇ ದಿನ ಒಂದು ಕ್ಯಾನು ಪೂರ್ತಿ ಖಾಲಿಯಾಗಿತ್ತು. ಕಲ್ಲಿನ ಮೇಲೆ ನಲವತ್ತು ಬಿಗಿದ ಮುಷ್ಟಿಗಳಿದ್ದವು. ಆಗಲೇ ಆ ಎಸಳು ಸಿಕ್ಕಿದ್ದು.

ಶಾಲೆಯಲ್ಲಿ ಖೋಬ್ರಾಗಡೆ ಬಾಯಿ, ಅಂದರೆ ಅವರ ವಿಜ್ಞಾನದ ಟೀಚರ್, ಆಗಲೇ ಹೇಳಿಯಾಗಿತ್ತು. ಪರೀಕ್ಷೆ ಮುಗಿದಿದೆ. ಶನಿವಾರ ಇಡೀ ಕ್ಲಾಸು ಭಾನುಮತಿಯ ಮನೆಗೆ ಹೋಗಿ ಹವಳ ನೋಡಿ ಬರುವುದು.

"ಅದು ಈಗ ಮುಚ್ಚಿಕೊಂಡಿದೆ" ಎಂದಳು ಭಾನು ಗೆಳತಿ ಸುಲಭಾ ಮೇಶ್ರಾಮಳಿಗೆ.

"ಯಾಕೆ?"

"ಪಕ್ಕದ ಮನೆ ಆಜಿ ಹೂವು ಹಾಕಿ ಹಾಳು ಮಾಡಿದರು."

ಸುಲಭಾಳಿಗೆ ಹೇಳಿದ್ದು ಮಧ್ಯಾಹ್ನದೊಳಗೆ ಕ್ಲಾಸಿಗೆಲ್ಲ ಗೊತ್ತಾಗುತ್ತಿತ್ತು. ಅವತ್ತು ಪ್ರಾರ್ಥನೆಯ ಹೊತ್ತಿಗೇ ಗೊತ್ತಾಯಿತು.

ಮಂಗಳವಾರ ಭಾನು ಊಟಕ್ಕೆ ಕೂತಳು. ಅನ್ನಕ್ಕೆ ಸಾರು ಕಲಸಿ ಒಂದು ತುತ್ತು ಬಾಯಿಗಿಟ್ಟು ಮುಖ ಸಿಂಡರಿಸಿದಳು.

"ಅವ್ವಾ, ಸಾರು ಉಪ್ಪಾಗೇತಿ."

"ಮುಂಜಾನೆ ಬರೋಬರ್ ಇತ್ತಲ್ಲ. ಎರಡು ಸಲ ಕುದಿಸೀನಿ, ಅದಕ್ಕ." ಅವ್ವ ಪಾತ್ರೆಗೆ ಒಂದು ಗ್ಲಾಸು ನೀರು ಸುರಿದು ಸೌಟು ಆಡಿಸಿದಳು. "ಈಗ ನೋಡು."

"ನೀರು ಯಾಕ ಹಾಕಿದಿ? ಕಡಿಮಿ ಆಗಿದ್ದು ಸಾರು."

"ಕಡಿಮಿ ಆಗಿದ್ದು ನೀರು. ಉಪ್ಪೇನು ರೆಕ್ಕಿ ಕಟ್ಟಿಕೊಂಡು ಹಾರಿ ಹೋಗತೈತೇನು? ಅದು ತಳದಾಗ ಕುಂತಿರತೈತಿ. ಉಣ್ಣು ಜಲ್ದಿ."

ಭಾನು ಉಣ್ಣಲಿಲ್ಲ. ಕೈಯನ್ನು ತಟ್ಟೆಯಲ್ಲೇ ಬಿಟ್ಟು ಮುಂದಿನ ಕೋಣೆಯ ಕಡೆ ನೋಡಿದಳು. ಫ್ಯಾನು ತೊಟ್ಟಿಯ ಮೇಲೆ ಗಾಳಿ ಬೀಸುತ್ತಿತ್ತು. ನೀರು ಸಣ್ಣಗೆ ನಡುಗುತ್ತಿತ್ತು. ತೊಟ್ಟಿಯ ಅಂಚಿನಲ್ಲಿ ಬಿಳೀ ಪುಡಿ ಗೆರೆಯಾಗಿ ಕಟ್ಟಿತ್ತು. ಅದನ್ನು ಅವಳು ದಿನಾ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು, ಸ್ವಚ್ಛವಾಗಿರಲಿ ಎಂದು.

"ಅವ್ವಾ, ನಾನು ಸಾರಿಗೆ ಸಾರು ಹಾಕೀನಿ."

"ಏನಂದಿ?"

ಇಳಿದ ನೀರಿಗೆ ದಿನಾ ಉಪ್ಪುನೀರೇ ತುಂಬಿಸಿದ್ದನ್ನು ಭಾನು ಹೇಳಿದಳು. ಅವ್ವ ಸೌಟು ಹಿಡಿದೇ ಕೇಳಿಸಿಕೊಂಡಳು. "ಇರಬಹುದು. ಆದರ ಗೊತ್ತಾಗೋದು ಹೆಂಗ? ನಾಲಿಗಿಗೆ ಹಚ್ಚಬ್ಯಾಡ ಅಂತ ನಿಮ್ಮ ಮಾಮಾ ಬರದಾನ."

ಹೇಗೆ ಎಂದು ಭಾನುವಿಗೆ ಗೊತ್ತಿತ್ತು. ಅದಕ್ಕೇ ಅವಳ ಮುಖ ಸಪ್ಪಗಾಯಿತು.

ವಾನಖೇಡೆ ಆಜಿಯ ಹತ್ತಿರ ಲ್ಯಾಕ್ಟೋಮೀಟರ್ ಇತ್ತು. ಪೆನ್ನಿನಷ್ಟು ಉದ್ದದ ಗಾಜಿನ ಕೊಳವೆ, ತಳದಲ್ಲಿ ತೂಕದ ಬುರುಡೆ, ಮೇಲೆ ಅಂಕಿಗಳು. ಹಾಲಿಗೆ ಬಿಟ್ಟರೆ ತೇಲುತ್ತದೆ. ಹಾಲು ಗಟ್ಟಿಯಿದ್ದರೆ ಮೇಲೆ ನಿಲ್ಲುತ್ತದೆ, ನೀರು ಬೆರೆಸಿದ್ದರೆ ಮುಳುಗುತ್ತದೆ. ಆಜಿ ಬೆಳಿಗ್ಗೆ ಆರಕ್ಕೆ ಅದನ್ನು ಹಿಡಿದು ಗವಳಿಯ ದಾರಿ ಕಾಯುತ್ತಿದ್ದರು. ಅಜನಿಯಲ್ಲಿ ಮೂರು ಜನ ಗವಳಿಗಳು ಈ ಕಾರಣಕ್ಕೇ ತಮ್ಮ ದಾರಿ ಬದಲಿಸಿದ್ದರು.

ಉಪ್ಪುನೀರೂ ಗಟ್ಟಿಯೇ ಅಲ್ಲವೇ, ಎಂದುಕೊಂಡಳು ಭಾನು. ಕೈ ತೊಳೆದಳು. ಪಕ್ಕದ ಮನೆಗೆ ಹತ್ತು ಹೆಜ್ಜೆ. ಅವತ್ತು ಬಹಳ ಹೊತ್ತು ಹಿಡಿಯಿತು.

ಆಜಿ ಜಗಲಿಯಲ್ಲಿ ಕೂತು ಹಪ್ಪಳ ಒಣಗಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಕಾಯ ಗ, ಏನೇ? ಇವತ್ತು ಏನು ಸಿಕ್ಕಿತು, ಬಿಲ್ವಪತ್ರೆಯಾ?"

"ಇಲ್ಲ ಆಜಿ. ನಿಮ್ಮ ಲ್ಯಾಕ್ಟೋಮೀಟರ್ ಬೇಕಿತ್ತು."

"ಯಾಕೆ? ನಾನು ಸಮುದ್ರಕ್ಕೆ ಹಾಲೂ ಬೆರೆಸಿದ್ದೇನೆ ಅಂತ ಅನುಮಾನವಾ?"

ಭಾನು ಫ್ಯಾನು, ಸಾರು, ಬಿಳೀ ಪುಡಿ ಎಲ್ಲವನ್ನೂ ಗಡಿಬಿಡಿಯಲ್ಲಿ ಹೇಳಿದಳು. ಹೇಳಬೇಕಾಗಿದ್ದ ಇನ್ನೊಂದು ಮಾತು ಮಾತ್ರ ಬಾಯಿಗೆ ಬರಲಿಲ್ಲ. ಆಜಿ ಕೇಳಿಸಿಕೊಂಡರು. ಹಪ್ಪಳದ ಮೇಲೆ ಬಟ್ಟೆ ಹೊದಿಸಿದರು. ಒಳಗೆ ಹೋಗಿ ಲ್ಯಾಕ್ಟೋಮೀಟರ್ ತಂದು ಸೆರಗಿನಲ್ಲಿ ಸುತ್ತಿಕೊಂಡರು.

"ನಾನೇ ಬರ್ತೀನಿ. ಬರಬೇಡ ಅಂದಿದ್ದು ನೆನಪಿದೆ. ಆದರೆ ಮಕ್ಕಳ ಕೈಗೆ ಗಾಜು ಕೊಡೋದಿಲ್ಲ."

ಮೊದಲು ಆಜಿ ಇನ್ನೊಂದು ಕ್ಯಾನಿನ ತಳದಲ್ಲಿ ಉಳಿದಿದ್ದ ನೀರನ್ನು ಎತ್ತರದ ಸ್ಟೀಲ್ ಲೋಟಕ್ಕೆ ಬಗ್ಗಿಸಿದರು. ಇದು ಬಾಂಬೆಯಿಂದ ಬಂದ ಹಾಗೇ ಇದ್ದ ನೀರು. ಕೊಳವೆ ಮುಳುಗಿ, ತೇಲಿ, ನಿಂತಿತು.

"ಇಪ್ಪತ್ಮೂರು" ಎಂದರು ಆಜಿ. "ಹೋದ ವರ್ಷದ ಗವಳಿಯ ಹಾಲು ಬರೋಬರ್ ಇಷ್ಟೇ ಇತ್ತು. ಅವನು ಹಾಲು ಎಲ್ಲಿಂದ ತರ್ತಿದ್ದ ಅಂತ ಈಗ ಗೊತ್ತಾಯ್ತು."

ಆಮೇಲೆ ತೊಟ್ಟಿಯ ನೀರು. ಕೊಳವೆ ಲೋಟದಲ್ಲಿ ಎದ್ದು ನಿಂತಿತು. ಆಜಿ ಕನ್ನಡಕ ಸರಿಸಿ ಎರಡು ಸಲ ಓದಿದರು.

"ಮೂವತ್ತೆರಡು. ಒಳ್ಳೇ ಎಮ್ಮೆ ಹಾಲು." ಅವರು ಭಾನುವನ್ನು ನೋಡಿದರು. "ನಲವತ್ತು ವರ್ಷದಿಂದ ನೀರು ಹಾಕಿದವರನ್ನು ಹಿಡಿದಿದ್ದೇನೆ. ನೀರು ಹಾಕದೇ ಇದ್ದವರನ್ನು ಹಿಡಿದಿದ್ದು ಇದೇ ಮೊದಲು."

ಅವ್ವನಿಗೆ ನಗು ಬಂತು. ಭಾನುವಿಗೆ ಬರಲಿಲ್ಲ.

ಅವಳು ಅಡುಗೆಮನೆಯ ದೊಡ್ಡ ಪಾತ್ರೆ ಎತ್ತಿಕೊಂಡು ಬಂದಳು. ಕಾಯಿಸಿ ಆರಿಸಿದ ಕುಡಿಯುವ ನೀರು, ಹತ್ತು ಲೀಟರ್. ಎಲ್ಲವನ್ನೂ ಒಮ್ಮೆಲೇ ಸುರಿಯುವುದು ಅವಳ ವಿಚಾರ.

"ತಡಿ" ಎಂದಳು ಅವ್ವ. "ನಿಧಾನ ಅಂತ ಬರದಾನ. ಹತ್ತು ದಿನದ ಉಪ್ಪು ಒಂದು ಗಳಿಗ್ಯಾಗ ತಗದ್ರ ಅದಕ್ಕ ತಡ್ಯಾಂಗಿಲ್ಲ."

ಬುಧವಾರದಿಂದ ಭಾನು ಹಾಗೇ ಮಾಡಿದಳು. ದಿನಕ್ಕೆ ಎರಡು ಚೊಂಬು ಉಪ್ಪುನೀರು ತೆಗೆದು, ನಾಲ್ಕು ಚೊಂಬು ಸಿಹಿನೀರು. ಎರಡು ತೆಗೆದಿದ್ದಕ್ಕೆ, ಎರಡು ಗಾಳಿಗೆ ಹೋಗಿದ್ದಕ್ಕೆ. ದಿನಕ್ಕೊಮ್ಮೆ ಆಜಿ ಲ್ಯಾಕ್ಟೋಮೀಟರ್ ಹಿಡಿದು ಬರುತ್ತಿದ್ದರು, ಅಂಕಿ ಓದುತ್ತಿದ್ದರು, ಹೋಗುತ್ತಿದ್ದರು. ಕೂತು ಚಹಾ ಕುಡಿಯಲಿಲ್ಲ. ಹವಳ ಬಿಗಿದುಕೊಂಡೇ ಇತ್ತು.

ಶುಕ್ರವಾರ ಸಂಜೆ ಅಪ್ಪ ಬಂದ. ಹಮಾಲನ ತಲೆಯ ಮೇಲೆ ಒಂದು, ತನ್ನ ಕೈಯಲ್ಲಿ ಒಂದು, ಎರಡು ಹೊಸ ಕ್ಯಾನು. ಎರಡರ ಮೇಲೂ ಗಂಗಾಜಲ. ಒಂದರ ಕೊರಳಿಗೆ ಯಾರೋ ದಾರಿಯಲ್ಲಿ ಕುಂಕುಮ ಹಚ್ಚಿದ್ದರು.

"ನರಹರಿ ಗಾರ್ಡು ಈ ಕ್ಯಾನಿನ ಮುಂದ ಬೂಟು ಬಿಚ್ಚಿ ಕುಂತಿದ್ದನಂತ" ಎಂದ ಅಪ್ಪ ಹೆಮ್ಮೆಯಿಂದ. "ಹೆಂಗೈತಿ ನಮ್ಮ ಹವಳ?"

ಭಾನು ಹೇಳಿದಳು. ಎಸಳಿನ ವಿಷಯವನ್ನೂ ಹೇಳಿದಳು. ಅಪ್ಪ ಕ್ಯಾನಿನ ಮೇಲೇ ಕೂತುಬಿಟ್ಟ.

"ಹಂಗಾದ್ರ ಅದಕ್ಕ ಬೇಕಾಗಿದ್ದು ನಮ್ಮ ನಳದ ನೀರು."

"ಕಾಯಿಸಿ ಆರಿಸಿದ್ದು."

"ಬಾಯ್ಲರಿನ ನೀರು ಉಗಿಯಾಗಿ ಹೋಗತೈತಿ, ತಳದಾಗ ಉಪ್ಪು ಕೂಡತೈತಿ. ರೇಲ್ವೆದಾಗ ನೂರು ವರ್ಷದಿಂದ ಎಲ್ಲಾರಿಗೂ ಗೊತ್ತು. ಹದಿನೈದು ದಿನ ಭುಸಾವಳದಾಗ ಕುಂತು ನಾನೂ ರಿಫ್ರೆಶ್ ಆಗಿ ಬಂದೆ." ಅಪ್ಪ ಫ್ಯಾನಿನ ಕಡೆ ನೋಡಿದ. "ಇದನ್ನ ಇಟ್ಟಾವ ನಾನು. ನೀರು ಎಲ್ಲಿ ಹೋಗತೈತಿ ಅಂತ ನಾನೂ ವಿಚಾರ ಮಾಡಲಿಲ್ಲ."

ಅವನು ಬೈಯಲಿಲ್ಲ. ಭಾನುವಿನ ಕಡೆ ತಿರುಗಿ ಕೇಳಿದ, "ಆಜಿಗೆ ಏನಂದಿ?"

"ಏನೂ ಅಂದಿಲ್ಲ."

ಅಪ್ಪ ಎದ್ದು ಎರಡೂ ಕ್ಯಾನುಗಳನ್ನು ಗೋಡೆಯ ಬದಿಗೆ ಸರಿಸಿಟ್ಟ.

ಶನಿವಾರ ಬೆಳಗಿನ ಶಾಲೆ ಬಿಟ್ಟಮೇಲೆ ಇಪ್ಪತ್ತಾರು ಮಕ್ಕಳು ಬಿಸಿಲಿನಲ್ಲಿ ಸಾಲಾಗಿ ಬಂದರು. ಒಳಗೆ ಬಂದ ಮೊದಲ ಆರು ಜನ ನೇರವಾಗಿ ಟೇಬಲ್ ಫ್ಯಾನಿನ ಮುಂದೆ ನಿಂತು ಅಂಗಿಯ ಕಾಲರ್ ಎತ್ತಿದರು. ನಾಗಪುರದ ಏಪ್ರಿಲ್ಲಿನಲ್ಲಿ ಹವಳಕ್ಕಿಂತ ಅದೇ ನೋಡುವಂಥದ್ದು.

ಆಜಿ ಅದಾಗಲೇ ಬಂದು ತೊಟ್ಟಿಯ ಪಕ್ಕ ನಿಂತಿದ್ದರು. ಅಂಕಿ ಇಪ್ಪತ್ತೆಂಟಕ್ಕೆ ಇಳಿದಿತ್ತು. ಅವರು ಲ್ಯಾಕ್ಟೋಮೀಟರ್ ಒರೆಸುತ್ತಿದ್ದರು.

"ಇದೇನಾ?" ಎಂದ ಒಬ್ಬ ಹುಡುಗ. "ಕಲ್ಲು."

"ಕಲ್ಲಿನ ಮೇಲೆ ಇರೋದು" ಎಂದಳು ಭಾನು.

"ಪಾಚಿ."

ಖೋಬ್ರಾಗಡೆ ಬಾಯಿ ಬಗ್ಗಿ ನೋಡಿದರು. "ಯಾಕೆ ಮುಚ್ಚಿಕೊಂಡಿದೆ, ಭಾನುಮತಿ?"

ಭಾನು ಬಾಯಿ ತೆರೆಯುವ ಮೊದಲೇ ಸುಲಭಾ ಕೈ ಎತ್ತಿದಳು. ಗೊತ್ತಿದ್ದ ಉತ್ತರಕ್ಕೆ ಅವಳು ಯಾವಾಗಲೂ ಹಾಗೇ ಕೈ ಎತ್ತುತ್ತಿದ್ದಳು. "ಬಾಯಿ, ಈ ಆಜಿ ಹೂವು ಹಾಕಿ ಹಾಳು ಮಾಡಿದರು. ಭಾನೂನೇ ಹೇಳಿದಳು."

ಇಪ್ಪತ್ತಾರು ಮುಖಗಳು ಆಜಿಯ ಕಡೆ ತಿರುಗಿದವು. ಆಜಿ ಒರೆಸುವುದನ್ನು ನಿಲ್ಲಿಸಿದರು. ಭಾನುವಿನ ಕಡೆ ನೋಡಲಿಲ್ಲ. ಸೆರಗು ಹೊದ್ದು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟರು.

"ಅಲ್ಲ" ಎಂದಳು ಭಾನು.

ಆಜಿ ಬಾಗಿಲ ಬಳಿ ನಿಂತರು.

"ಆಜಿ ಒಂದು ಎಸಳು ಹಾಕಿದ್ದರು. ಅದರಿಂದ ಏನೂ ಆಗಲಿಲ್ಲ. ನಾನು ಇಪ್ಪತ್ತು ಲೀಟರ್ ಸಮುದ್ರದ ನೀರು ಹಾಕಿದೆ, ದಿನಾ ಎರಡು ಚೊಂಬು. ಗಾಳಿಗೆ ಹೋಗಿದ್ದು ಬರೀ ನೀರು. ಉಪ್ಪು ಒಳಗೇ ಉಳಿಯಿತು." ಅವಳ ಕಿವಿ ಕೆಂಪಾಗಿತ್ತು. "ಕೆಡಿಸಿದ್ದು ನಾನು. ಆಜಿಯ ಹೆಸರು ಹೇಳಿದ್ದೂ ನಾನು. ಎಷ್ಟು ಉಪ್ಪಾಗಿದೆ ಅಂತ ಅಳೆದು ತೋರಿಸಿದ್ದು ಅವರು."

"ಮತ್ತೆ ನನಗೆ ಯಾಕೆ ಹಾಗೆ ಹೇಳಿದೆ?" ಎಂದಳು ಸುಲಭಾ. ಅವಳಿಗೆ ಉತ್ತರ ತಪ್ಪಾಗಿದ್ದರ ಬೇಸರ.

ಖೋಬ್ರಾಗಡೆ ಬಾಯಿ ಮಕ್ಕಳನ್ನು ತೊಟ್ಟಿಯ ಸುತ್ತ ಸೇರಿಸಿ, ಆವಿಯಾದಾಗ ಏನು ಹೋಗುತ್ತದೆ, ಏನು ಉಳಿಯುತ್ತದೆ ಎಂದು ಕೇಳತೊಡಗಿದರು. ಪುಸ್ತಕದಲ್ಲಿದ್ದ ಪಾಠ ಅದು. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಭಾನುವಿಗೆ ಪೂರ್ತಿ ಮಾರ್ಕು ಬಂದಿತ್ತು.

ಅವ್ವ ಎಲ್ಲರಿಗೂ ಪಾನಕ ಕೊಟ್ಟಳು. ಮಕ್ಕಳು ಹೋದರು. ಆಜಿ ಹೋಗಿರಲಿಲ್ಲ. ಹೊಲಿಗೆ ಮಷೀನಿನ ಸ್ಟೂಲಿನ ಮೇಲೆ ಕೂತು ಪಾನಕ ಕುಡಿಯುತ್ತಿದ್ದರು.

"ಸಕ್ಕರೆ ಕಡಿಮೆ" ಎಂದರು.

"ಹಾಕಿ ತರಲಾ?"

"ಬೇಡ. ನೀನು ಹಾಕಿದರೆ ಗೊತ್ತಲ್ಲ."

ಭಾನು ಅವರ ಕಾಲ ಬಳಿ ನೆಲದ ಮೇಲೆ ಕೂತಳು. ತೊಟ್ಟಿಯಲ್ಲಿ ಎಲ್ಲ ಗುಂಡಿಗಳೂ ಮುಚ್ಚಿದ್ದವು. ಇಲ್ಲ, ಕೆಳಗಿನ ಸಾಲಿನಲ್ಲಿ ಒಂದರ ಅಂಚು ಸಡಿಲವಾಗಿತ್ತು. ನಡುವೆ ಹಸಿರು ಕಾಣುತ್ತಿತ್ತೋ, ಅಥವಾ ಬೆಳಕು ಹಾಗೆ ಬಿದ್ದಿತ್ತೋ, ಹೇಳಲು ಆಗುತ್ತಿರಲಿಲ್ಲ.

ಸಿಹಿನೀರಿನ ಪಾತ್ರೆ ಪಕ್ಕದಲ್ಲೇ ಇತ್ತು. ಚೊಂಬು ಅದರ ಮೇಲೆ ತೇಲುತ್ತಿತ್ತು. ಇವತ್ತಿನ ನಾಲ್ಕು ಚೊಂಬು ಬೆಳಿಗ್ಗೆಯೇ ಹಾಕಿಯಾಗಿತ್ತು. ಇನ್ನೊಂದು ಹಾಕಿದರೆ ಅದು ಬೇಗ ಅರಳಬಹುದು ಎನಿಸಿ ಭಾನುವಿನ ಕೈ ಚೊಂಬಿನ ತನಕ ಹೋಯಿತು.

ಆಜಿ ನೋಡಿದರು.

ಭಾನು ಕೈ ಹಿಂದೆ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ ಇಬ್ಬರೂ ಸುಮ್ಮನೆ ಕೂತು ನೋಡತೊಡಗಿದರು.